ತೊಡೆಯ ಮೇಲಿನ ಶ್ರೋತೃ

ನಮ್ಮ ಕಡೆಯವರ ಒಂದು ಶಿಸ್ತನ್ನು ನೀವೂ ಗಮನಿಸಿರಬಹುದು: ಮೊಬೈಲಿನ ಕ್ಯಾಮೆರಾ ಎದುರಾದ ಕೂಡಲೇ, ದಿನವಿಡೀ ತುಳುವಿನಲ್ಲಿ ಹರಟಿದ ನಾಲಗೆ ದಿಢೀರನೆ ಧನ್ಯವಾದ ಸಮರ್ಪಣೆಯ ಕನ್ನಡಕ್ಕೆ ಏರಿಬಿಡುತ್ತದೆ. ಕಡಬದಲ್ಲಿ ಪೈಪು-ನಲ್ಲಿಗಳ ಅಂಗಡಿ ಇಟ್ಟಿರುವ ನನ್ನ ಮಗ ಹರೀಶನಿಗೆ ಈ ವಿದ್ಯೆ ನನ್ನಿಂದಲೇ ಬಂದದ್ದು. ನಾನು ನಿವೃತ್ತ ಕನ್ನಡ ಮಾಸ್ತರ.

ಹೆರಿಗೆಗೆಂದು ಈಶ್ವರಮಂಗಲದ ತವರಿಗೆ ಹೋದ ಸೊಸೆ ಅಶ್ವಿನಿ ಬಾಣಂತನ ಮುಗಿಸಿ ಮರಳುವ ಹೊತ್ತಿಗೆ, ಭಾನುವಾರ ಮಾತ್ರ ಹೋಗಿ ಅತ್ತೆಮನೆಯ ಸತ್ಕಾರ ಉಂಡು ಬರುತ್ತಿದ್ದ ಹರೀಶ ತನ್ನ ಮಗನ ಪಾಲಿಗೆ ಬರೀ ನೆಂಟನಾಗಿದ್ದ. ಎಲ್ಲರನ್ನೂ ಕಂಡು ನಗುವ ಮಗು ಇವನು ಎತ್ತಿಕೊಂಡರೆ ಅಳುತ್ತಿತ್ತು. ಹರೀಶ ಊಟ ಬಿಡುವುದೊಂದು ಬಾಕಿ. ಅಶ್ವಿನಿ ಅವನನ್ನು ಹೆತ್ತವರಿಗೆಂದೇ ನಡೆಯುವ ಆನ್‌ಲೈನ್ ತರಬೇತಿಗೆ ಸೇರಿಸಿದಳು. ಮಗುವಿನ ಮುಖ ನೋಡಿ, ಅದು ದನಿ ಮಾಡುವವರೆಗೆ ಕಾಯಿರಿ, ಆಮೇಲೆ ಅದರಂತೆಯೇ ಉತ್ತರಿಸಿ ಎಂಬುದು ಪಾಠ. ನಮ್ಮ ಕಾಲದಲ್ಲಿ ಶಿಶುಪಾಲನೆಗೆ ತರಬೇತಿ ಇರಲಿಲ್ಲ. ನನ್ನ ಮಟ್ಟಿಗಂತೂ ಪಾಲನೆಯ ಕೆಲಸವೂ ಇರಲಿಲ್ಲ, ಅದನ್ನು ಹೆಂಡತಿ ಮಾಡುತ್ತಿದ್ದಳು.

ಮಗುವಿನೊಡನೆ ಮಾತಾಡುವ ವಿಡಿಯೊ ಕಳಿಸಿ ಎಂದು ಶಿಕ್ಷಕಿ ಹೇಳಿದ್ದೇ ತಡ, ಹರೀಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗುವನ್ನು ತೊಡೆಯ ಮೇಲೆ ಮಲಗಿಸಿ, "ಪ್ರಿಯ ಕಂದನೇ, ನಿನಗೆ ಹಸಿವಾಗುತ್ತಿದೆಯೇ?" ಎಂದು ಗಂಭೀರವಾಗಿ ವಿಚಾರಿಸಿದ. ಮಗು ಬೆಚ್ಚಿ ಅತ್ತಿತು.

"ಉಚ್ಚಾರ ಸ್ಪಷ್ಟ ಉಂಟು, ಸ್ವಲ್ಪ ಭಾವ ಬೇಕು," ಎಂದು ನಾನು ಬಾಗಿಲಲ್ಲಿ ನಿಂತು ಪ್ರೋತ್ಸಾಹಿಸಿದೆ. ಭಾವ ಹೆಚ್ಚಿದಂತೆ ಅಳುವೂ ಹೆಚ್ಚಿತು.

"ಅಪ್ಪಾ, ಇವನಿಗೆ ನಾನು ಬೇಡವೇ ಬೇಡ," ಎಂದು ಹರೀಶ ಫೋನನ್ನು ಆರಿಸಿ ಮಂಚಕ್ಕೆ ಎಸೆದ. ಅವನ ಕಣ್ಣು ತುಂಬಿದ್ದು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಮಗುವನ್ನು ಅಶ್ವಿನಿಗೆ ಕೊಡಲೆಂದು ಎದ್ದವನು ಸೋತ ದನಿಯಲ್ಲಿ, ಹಸಿವಾಯಿತೇನೋ ಎಂಬುದನ್ನೇ ತುಳುವಿನಲ್ಲಿ ಗೊಣಗಿದ: "ದಾನೆ ಬಾಲೆ, ಬಡವಾಪುಂಡಾ?" ತವರುಮನೆಯ ತೊಟ್ಟಿಲಲ್ಲಿ ಮಗು ದಿನವೂ ಕೇಳಿದ್ದ ಮಾತು ಅದು. ಅಳು ನಿಂತಿತು. ಅದು ಅಪ್ಪನ ಮುಖವನ್ನೇ ನೋಡಿ "ಊಂ" ಎಂದಿತು. ಹರೀಶ ಕಾದ, ತಾನೂ "ಊಂ" ಎಂದ. ಮಗು ಬೊಚ್ಚುಬಾಯಿ ಅಗಲಿಸಿ ನಕ್ಕಿತು. ಏನೋ ಸಲಹೆ ಕೊಡಲು ಬಾಯಿ ತೆರೆದಿದ್ದ ನಾನು ಬಾಗಿಲು ಎಳೆದುಕೊಂಡು ಹೊರಗೆ ನಡೆದೆ.

ಮರುದಿನ ತರಗತಿಯಲ್ಲಿ ಶಿಕ್ಷಕಿ, "ಹರೀಶ್, ನಿಮ್ಮ ವಿಡಿಯೊ ಬಂದೇ ಇಲ್ಲವಲ್ಲ?" ಎಂದರು. ಮಗು ಅವನ ಮೂಗು ಹಿಡಿದು "ಊಂ ಊಂ" ಎನ್ನುತ್ತಿತ್ತು.

"ಒಂದು ನಿಮಿಷ ನಿಲ್ಲಿ ಮೇಡಂ," ಎಂದ ಹರೀಶ. "ಇವ ಎಂತದೋ ಹೇಳ್ತಾ ಇದ್ದಾನೆ."