ಚಿಲಕವಿಲ್ಲದ ಕೋಣೆಯ ಟೀಚರು

"ಈ ಬಾಗಿಲಿಗೆ ಇನ್ನು ಚಿಲಕ ಇರಲ್ಲ. ಒಳಗೆ ಬರೋ ಮಗು ಯಾರ ಮನೇದು ಅಂತ ಈ ಸಭೇಲಿ ಯಾರೂ ಕೇಳಲ್ಲ."

ಇಪ್ಪತ್ತೈದು ವರ್ಷದ ಹಿಂದೆ, ಒಂದು ಭಾನುವಾರ ಆರಾಧನೆ ಮುಗಿದ ಮೇಲೆ, ಸಭೆಯ ಹಿರಿಯ ತಾಕ್ ಗ್ವಾಂಗ್ಸು ಎಲ್ಲರೆದುರು ಕೊಟ್ಟ ಮಾತು ಇದು. ಬರೀ ಮಾತಾಡಿ ಬಿಡಲಿಲ್ಲ. ಮನೆಯಿಂದ ತಂದಿದ್ದ ಸ್ಕ್ರೂಡ್ರೈವರಿನಲ್ಲಿ ಚರ್ಚಿನ ಹಿಂಬದಿಯ ವಿದ್ಯಾರ್ಥಿ ಕೋಣೆಯ ಚಿಲಕವನ್ನು ತಾವೇ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಹೆಂಗಸರು ಕಣ್ಣೊರೆಸಿಕೊಂಡರು. ಗಂಡಸರು ಆಮೆನ್ ಅಂದರು.

ಈಗ ಮೊಕ್ಪೊ ಬಂದರಿನಲ್ಲಿ ಬೆಳಕು ಹರಿಯುವ ಹೊತ್ತು. ದ್ವೀಪಗಳ ಕಡೆ ಹೊರಡುವ ಮೊದಲ ಹಡಗಿಗೆ ಕಾಯುವವರು ಗಂಟು, ಬುಟ್ಟಿ, ಆಸ್ಪತ್ರೆಯ ಔಷಧಿ ಚೀಲಗಳನ್ನು ಕಾಲಬಳಿ ಇಟ್ಟುಕೊಂಡು ನಿಲ್ದಾಣದ ಬೆಂಚುಗಳ ಮೇಲೆ ತೂಕಡಿಸುತ್ತಿದ್ದಾರೆ. ಕಾಫಿ ಯಂತ್ರದ ಪಕ್ಕದ ಮೂಲೆಯಲ್ಲಿ ಪ್ಯೊ ಇನ್‌ಸುಕ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಸಿ ಕುಂಬಳಕಾಯಿ ಗಂಜಿ ಬಗ್ಗಿಸುತ್ತಾರೆ. ಎದುರಿಗೆ ಕೂತವಳು ಬಾಂಗ್ ಹಾರಿಮ್, ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದ ಹುಡುಗಿ. ಅವಳ ತೊಡೆಯ ಮೇಲೆ ಬೈಬಲ್ ತೆರೆದಿದೆ.

ಒಣಮೀನಿನ ಮೂಟೆಗೆ ಒರಗಿ ಕೂತ ಅಜ್ಜಿಯೊಬ್ಬರಿಗೆ ಇದು ದಿನನಿತ್ಯದ ತಮಾಷೆ.

"ಏನಮ್ಮಾ ಟೀಚರಮ್ಮ, ದಿನಾ ಬರ್ತೀಯ, ಒಂದ್ ದಿನಾನೂ ಹಡಗು ಹತ್ತಲ್ಲ. ಸಮುದ್ರ ಕಂಡ್ರೆ ಭಯಾನಾ?"

"ನಾನು ಹತ್ತಿಸೋಳು ಅಜ್ಜಿ, ಹತ್ತೋಳಲ್ಲ. ಗಂಜಿ ಕೊಡ್ಲಾ?"

"ಬೇಡಪ್ಪ. ಉಪ್ಪಿಲ್ಲದ ನಿನ್ನ ಗಂಜಿ ನಿನ್ನ ಶಿಷ್ಯರೇ ಕುಡೀಲಿ."

ಕಾಲೇಜು ಮಕ್ಕಳಿಗೆ ಶಿಷ್ಯತ್ವದ ಪಾಠ ಹೇಳುವುದು ಇನ್‌ಸುಕ್ ಅವರ ಕೆಲಸ. ವೇದಿಕೆ ಇಲ್ಲ, ಮೈಕಿಲ್ಲ. ಒಬ್ಬರಿಗೊಬ್ಬರು ಎದುರುಬದುರು ಕೂತು ಸುವಾರ್ತೆಯ ಒಂದು ತುಣುಕು ಓದುವುದು, ಅದನ್ನು ಆ ವಾರದ ಬದುಕಿಗೆ ತಾಗಿಸಿ ನೋಡುವುದು, ಮುಂದಿನ ವಾರ ಸಿಕ್ಕಾಗ "ಏನಾಯ್ತು?" ಎಂದು ಕೇಳುವುದು. ಜಗಳವಾಡಿದ ರೂಂಮೇಟ್ ಹತ್ತಿರ ಕ್ಷಮೆ ಕೇಳಿದೆಯಾ? ಅಪ್ಪನಿಗೆ ಫೋನ್ ಮಾಡಿದೆಯಾ? ಆತ್ಮಿಕ ಬೆಳವಣಿಗೆ ಎಂಬ ದೊಡ್ಡ ಮಾತು ಇವರ ಬಾಯಲ್ಲಿ ಇಷ್ಟು ಸಣ್ಣದಾಗುತ್ತದೆ.

ಅವರ ಪಾಠಕ್ಕೆ ಒಂದೇ ಕಟ್ಟಳೆ. ಓದಿದ್ದರ ಬಗ್ಗೆ ಶಿಷ್ಯ ತನ್ನದೇ ಪ್ರಶ್ನೆಯೊಂದನ್ನು ಕೇಳುವ ತನಕ ಆಮೆನ್ ಹೇಳುವ ಹಾಗಿಲ್ಲ.

"ಆಮೆನ್ ಅಂದ್ರೆ ಪುಸ್ತಕ ಮುಚ್ಚಿದ ಹಾಗೆ. ನಮ್ ಮಕ್ಳಿಗೆ ಅದೊಂದು ಚೆನ್ನಾಗ್ ಬರತ್ತೆ," ಎನ್ನುತ್ತಾರೆ ಇನ್‌ಸುಕ್. "ಪರೀಕ್ಷೆಗೆ ಉತ್ರ ಬರ್ದೂ ಬರ್ದೂ ಕೇಳೋದೇ ಮರ್ತಿದಾರೆ. ಯೇಸುಸ್ವಾಮಿ ಹಿಂದೆ ಹೋದೋರು ಕೇಳಿದ್ದು ಎಂಥೆಂಥ ಪೆದ್ದು ಪ್ರಶ್ನೆ. ಅದಕ್ಕೆ ಅಂತ ಅವರು ಒಬ್ಬರನ್ನೂ ಓಡಿಸ್ಲಿಲ್ಲ."

ಇನ್‌ಸುಕ್ ಪಕ್ಕದ ಮುವಾನ್ ಕಡೆಯ ಈರುಳ್ಳಿ ಬೆಳೆಗಾರರ ಮಗಳು. ಕಾಲೇಜಿಗೆಂದು ಬಂದು, ಚರ್ಚಿನ ಹಿಂದಿನ ಅದೇ ಕೋಣೆಯ ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಕೂತು ತಾವೂ ಶಿಷ್ಯೆಯಾದವರು. ಕೈಗೆ ಬಂದ ಶಾಲಾ ಮೇಷ್ಟರಿಕೆಯನ್ನು ಬಿಟ್ಟು ಆ ಕೋಣೆಯಲ್ಲೇ ಉಳಿದುಬಿಟ್ಟಾಗ ಅಪ್ಪ ಕೇಳಿದ್ದು, "ಈರುಳ್ಳಿ ಮಾರಿ ನಿನ್ನ ಓದ್ಸಿದ್ದು ಊರೋರ ಮಕ್ಳಿಗೆ ಗಂಜಿ ಬೇಯ್ಸಕ್ಕಾ?" ಆಮೇಲೆ ಆತ ಬಹಳ ವರ್ಷ ಮಾತಾಡಲಿಲ್ಲ. ಸಭೆ ಕೊಡುವುದರಲ್ಲಿ ಹೊಟ್ಟೆ ತುಂಬುವುದಿಲ್ಲ. ಹಾಗಾಗಿ ಮಧ್ಯಾಹ್ನದ ಮೇಲೆ ಪಲ್ಯ, ಕಿಮ್ಚಿ ಉಪ್ಪಿನಕಾಯಿ ಮಾಡಿ ಮಾರುವ ಅಂಗಡಿಯೊಂದರಲ್ಲಿ ಬೆಳ್ಳುಳ್ಳಿ ಸುಲಿಯುತ್ತಾರೆ. ಬೈಬಲಿನ ಹಾಳೆಗಳಿಗೂ ಆ ವಾಸನೆ ಹತ್ತಿದೆ.

ಅವರಿಂದ ಕಲಿತವರಲ್ಲಿ ಕೆಲವರು ಇವತ್ತು ದೊಡ್ಡ ದೊಡ್ಡ ಸಭೆಗಳಲ್ಲಿ ಪಾಸ್ಟರುಗಳು. "ಹೋಗಿ ಶಿಷ್ಯರನ್ನಾಗಿ ಮಾಡಿರಿ" ಎಂದು ಆಳೆತ್ತರದ ಅಕ್ಷರಗಳಲ್ಲಿ ಗೋಡೆಯ ಮೇಲೆ ಬರೆಸಿಕೊಂಡಿರುವ ಇವರ ಸಭೆ, ನಿಜಕ್ಕೂ ಆ ಕೆಲಸ ಮಾಡುವ ಹೆಂಗಸಿನ ಹೆಸರನ್ನು ಮಾತ್ರ ಎಲ್ಲೂ ಬರೆದಿಲ್ಲ. ಹೂವಿನ ಕುಂಡ ಕೊಟ್ಟವರ ಹೆಸರು ಪ್ರತಿವಾರ ಸಭೆಯ ಹಾಳೆಯಲ್ಲಿ ಅಚ್ಚಾಗುತ್ತದೆ.

ಇರಲಿ. ಹೆಸರಿನ ಮಾತಾಗಿದ್ದರೆ ಊರ ಪತ್ರಿಕೆಗೆ ನಾನು ಇಷ್ಟು ಕಹಿಯಾಗಿ ಬರೆಯುತ್ತಿರಲಿಲ್ಲ. ಕೋಣೆ ಇರುವಾಗ ಈಕೆ ಹಡಗುನಿಲ್ದಾಣದಲ್ಲಿ ಯಾಕೆ ಪಾಠ ಹೇಳಬೇಕು? ಅದಕ್ಕೆ ಹಾರಿಮ್ ಕಥೆ ಹೇಳಬೇಕು.

ಹಾರಿಮ್ ಉಪ್ಪಿನ ಗದ್ದೆಗಳ ದ್ವೀಪದವಳು. ಈ ಊರಿಗೆ ಹೊಸಬಳಾಗಿ, ಒಂಟಿಯಾಗಿ ಕ್ಯಾಂಪಸ್ಸಿನಲ್ಲಿ ಓಡಾಡುತ್ತಿದ್ದಾಗ ನಗುಮುಖದ ಇಬ್ಬರು ಅಕ್ಕಂದಿರು ಸಿಕ್ಕರು. ಊಟ ಕೊಡಿಸಿದರು, ಬೈಬಲ್ ಓದೋಣ ಬಾ ಅಂದರು. ಅದು ಬೈಬಲ್ ಹಿಡಿದೇ ಮಕ್ಕಳನ್ನು ಹಿಡಿಯುವ ಗುಂಪು. ಅಂಥವು ನಮ್ಮ ಯಾವ ಕ್ಯಾಂಪಸ್ಸಿಗೂ ಹೊಸತಲ್ಲ. ಎರಡು ವರ್ಷ ಅಲ್ಲಿದ್ದಳು. ಮನೆಯವರಿಗೆ ಸುಳ್ಳು ಹೇಳುವುದನ್ನೂ ಬೇರೆ ಸಭೆಗಳಿಗೆ ಹೆಸರು ಬದಲಿಸಿಕೊಂಡು ನುಗ್ಗುವುದನ್ನೂ ಅಲ್ಲಿ ಭಕ್ತಿಯೆಂದೇ ಕಲಿಸುತ್ತಾರೆ. ಒಂದು ದಿನ ಅಜ್ಜಿಯ ಮಣ್ಣಿಗೂ ಹೋಗಬೇಡ ಅಂದರು. ಅವತ್ತು ಹಾರಿಮ್ ಎದ್ದು ಬಂದಳು.

ಹಳೇ ಚಾಳಿ ಬಿಡಬೇಕಲ್ಲ. ಇನ್‌ಸುಕ್ ಹತ್ತಿರ ಮೊದಲು ಬಂದಾಗಲೂ ಬೇರೆ ಹೆಸರನ್ನೇ ಹೇಳಿದ್ದಳು. ಬಿತ್ತುವವನ ಸಾಮ್ಯ, ಯೇಸು ಹೇಳಿದ ಆ ಬೀಜದ ಕಥೆ, ಓದಿಸುವಾಗ ಸಿಕ್ಕಿಬಿದ್ದಳು. ಬೀಜ ಅಂದರೆ ಇದು, ಹೊಲ ಅಂದರೆ ಅದು, ಹಕ್ಕಿ ಅಂದರೆ ಇನ್ನೊಂದು ಎಂದು, ಗುಂಪಿನವರು ಬಾಯಿಪಾಠ ಮಾಡಿಸಿದ್ದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ ಹೇಳಿಬಿಟ್ಟಳು. ಇನ್‌ಸುಕ್ ಮುಂದಿನ ಸಲ ತಮ್ಮ ಅಪ್ಪನ ಹೊಲದ ಬೀಜ ತಂದು ಅವಳ ಅಂಗೈಗೆ ಸುರಿದರು.

"ಏನಿದು?"

"ದೇವರ ವಾಕ್ಯ, ಟೀಚರ್."

"ಸುಳ್ಳು. ಈರುಳ್ಳಿ ಬೀಜ."

"ಆದ್ರೆ ಇದರ ಒಳ ಅರ್ಥ..."

"ಒಳಗೂ ಈರುಳ್ಳೀನೇ ಕಣೇ. ಮೊದ್ಲು ಬೀಜಾನ ಬೀಜ ಅಂತ ನೋಡು. ಅರ್ಥ ನಿಧಾನಕ್ಕೆ ಮೊಳೀಲಿ."

ಹುಡುಗಿ ಅತ್ತಳಂತೆ, ಆಮೇಲೆ ನಿಜವಾದ ಹೆಸರು ಹೇಳಿದಳಂತೆ. ಆಗ ಇನ್‌ಸುಕ್ ಕೇಳಿದ್ದು ಇಷ್ಟೆ: "ಅಯ್ಯೋ, ಹಾಗಾದ್ರೆ ಇಷ್ಟ್ ದಿನ ನನ್ ಗಂಜಿ ಕುಡಿದೋಳು ಯಾರು?"

ಒಂದು ವರ್ಷಕ್ಕೂ ಹೆಚ್ಚು ಕಾಲ ಪಾಠ ನಡೆಯಿತು. ಗುಂಪಿನವರು ಅವಳ ಬಾಡಿಗೆ ಕೋಣೆಯ ಗೇಟಿನ ಹತ್ತಿರ ಕಾಯುತ್ತಿದ್ದರೂ ಹಾರಿಮ್ ಹಿಂದಕ್ಕೆ ಹೋಗಲಿಲ್ಲ. ಕೊನೆಯ ಪಾಠಗಳು ಉಳಿದಿದ್ದವು. ಅವು ಮುಗಿದ ಮೇಲೆ ಸಭೆಗೆ ಸೇರುವುದೆಂದು ಮಾತಾಗಿತ್ತು. ಸೇರುವ ಮೊದಲು, ಪಾಠ ಕಲಿಯುತ್ತಿರುವವರು ಸಭೆಯ ಮುಂದೆ ಸಾಕ್ಷಿ ಹೇಳುವುದು ಇಲ್ಲಿನ ಪದ್ಧತಿ. ಎಲ್ಲರೂ ಹೇಳುತ್ತಾರೆ, ವ್ಯಾಪಾರ ಕುದುರಿದ್ದು, ಮಂಡಿನೋವು ವಾಸಿಯಾಗಿದ್ದು. "ಇದ್ದದ್ದು ಇದ್ದ ಹಾಗೆ ಹೇಳು ಮಗಳೇ, ನಮ್ಮೋರೇ ಎಲ್ಲ," ಎಂದು ಇನ್‌ಸುಕ್ ಹೇಳಿಕೊಟ್ಟರು.

ಅದೇ ಎಡವಟ್ಟಾಯಿತು. ಹುಡುಗಿ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ತಾನಿದ್ದ ಗುಂಪಿನ ಹೆಸರು ಅವಳ ಬಾಯಿಂದ ಬರುತ್ತಿದ್ದಂತೆ ಮುಂದಿನ ಸಾಲಿನ ಹೆಂಗಸರು ತಮ್ಮ ಕೈಚೀಲಗಳನ್ನು ಹತ್ತಿರಕ್ಕೆಳೆದುಕೊಂಡರು. ಆಮೆನ್ ಅನ್ನುವವರಿರಲಿಲ್ಲ. ಮಾರನೆಯ ಬೆಳಿಗ್ಗೆ ಇನ್‌ಸುಕ್ ಗಂಜಿಯ ಪಾತ್ರೆ ಹಿಡಿದು ಕೋಣೆಗೆ ಹೋದರೆ, ಬಾಗಿಲಿಗೆ ಒತ್ತುವ ಅಂಕಿಗಳ ಬೀಗ. ಹಳೆಯ ಚಿಲಕದ ತೂತುಗಳಿಗೆ ಅಂದು ಬಣ್ಣ ಬಳಿದಿದ್ದರು, ಸರಿಯಾಗಿ ಅದರ ಮೇಲೆ. ಬೀಗದ ಅಂಕಿಯನ್ನು ಅವರಿಗೆ ಯಾರೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಬೀಗ ಹಾಕಿಸಿದವರು ಹಿರಿಯ ತಾಕ್. ಅಂದು ಚಿಲಕ ಕಿತ್ತವರೇ. ಕಿತ್ತಿದ್ದು ಯಾಕೆ ಗೊತ್ತೆ? ಕುಡಿದು ಮನೆ ಬಿಟ್ಟಿದ್ದ ಅವರ ಸ್ವಂತ ಮಗ ಆ ಕೋಣೆಯ ಬಿಸಿ ನೆಲದ ಮೇಲೆ, ಇನ್‌ಸುಕ್ ಹೊದಿಸಿದ ಕಂಬಳಿಯಡಿ ಮಲಗಿ ಬದುಕಿಕೊಂಡಿದ್ದ. ಚಳಿಯಲ್ಲಿ ಹುಡುಕಿಕೊಂಡು ಬಂದ ಅಪ್ಪ ಬಾಗಿಲಲ್ಲೇ ಕುಸಿದು ಕೂತಿದ್ದರು.

ತಾಕ್ ಅವರನ್ನು ನಾನು ಕೇಳಿದೆ. ಟೀ ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದರು.

"ಆಚೆ ಬೀದಿ ಸಭೆ ಇಂಥೋರು ಒಬ್ಬರು ಇಬ್ಬರು ನುಗ್ಗಿದ್ದಕ್ಕೇ ಎರಡು ಹೋಳಾಯ್ತು. ಸಾಕ್ಷಿ ಹೇಳಿ ಅತ್ರು, ಎಲ್ಲ ನಂಬಿದ್ರು. ನಂಗೆ ಒಂದ್ ಹುಡುಗೀಗಿಂತ ಮಂದೆ ದೊಡ್ಡದು."

"ನಿಮ್ಮ ಮಗನಿಗೆ ಚಿಲಕ ಕಿತ್ತಿದ್ರಿ."

"ಅವನು ನಮ್ಮ ಹುಡುಗ."

ಇದನ್ನು ತಿಳಿಸಿದಾಗ ಇನ್‌ಸುಕ್ ಮೊದಲ ಸಲ ದನಿ ಎತ್ತರಿಸಿದರು. "ಯಾರ ಮನೇದು ಅಂತ ಕೇಳಲ್ಲ ಅಂದಿದ್ರಲ್ಲ? ತೋಳದ ಬಾಯಿಂದ ತಪ್ಪಿಸ್ಕೊಂಡ್ ಬಂದ ಮರಿ ಮೈ ಮೇಲೆ ತೋಳದ ವಾಸನೆ ಇರ್ದೆ ಇನ್ನೇನಿರತ್ತೆ? ಅದಕ್ಕೇ ಬಾಗ್ಲು ಹಾಕೋದಾ?" ಆಮೇಲೆ ಬೆಳ್ಳುಳ್ಳಿ ನಾತದ ಕೈಯಲ್ಲಿ ಮುಖ ಒರೆಸಿಕೊಂಡು, "ನಂದೇ ತಪ್ಪು ಬಿಡಿ. ನಿಜ ಹೇಳು ಅಂತ ಕಲಿಸಿದ್ದು ನಾನು," ಅಂದರು.

ಆಕೆಯ ತಪ್ಪಲ್ಲ. ಕಾಲೇಜಿಗೆ ಹೋಗುವ ಮಗಳು ನನ್ನ ಮನೆಯಲ್ಲೂ ಇದ್ದಾಳೆ. ದುಡಿದು ಸುಸ್ತಾದ ನಮ್ಮಂಥ ತಂದೆತಾಯಿಗಳಿಗೆ ಮಕ್ಕಳು ಯಾರ ಜೊತೆ ಊಟ ಮಾಡುತ್ತಾರೆ ಎಂದು ವಿಚಾರಿಸುವಷ್ಟೂ ಪುರುಸೊತ್ತಿಲ್ಲ. ವಿಚಾರಿಸುತ್ತಿದ್ದ ಒಬ್ಬಾಕೆಯನ್ನೂ ಬೀದಿಗೆ ಹಾಕಿದ್ದೇವೆ. ಆ ಗುಂಪಿನವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು ಬೇಕು? "ಹೊರಗೆ ಹೋದ್ರೆ ನಿನ್ನ ಯಾರೂ ಸೇರ್ಸಲ್ಲ" ಎಂದು ಅವರು ಹಾರಿಮ್‌ಗೆ ಹೇಳಿ ಕಳಿಸಿದ್ದರಂತೆ. ನಾವು ಅದನ್ನು ನಿಜ ಮಾಡಿ ತೋರಿಸಿದೆವು.

ಹಡಗುನಿಲ್ದಾಣವನ್ನು ಇನ್‌ಸುಕ್ ಸುಮ್ಮನೆ ಆರಿಸಿಲ್ಲ. ಇಲ್ಲಿ ಮುಂಜಾನೆಯಿಂದ ಹೀಟರ್ ಉರಿಯುತ್ತದೆ. ಹಾರಿಮ್ ಅಪ್ಪನನ್ನು ಬಲ್ಲ ದ್ವೀಪದ ಜನ ಓಡಾಡುತ್ತಾರೆ. ಅವರ ಕಣ್ಣೆದುರು ಅವಳ ಕೈ ಹಿಡಿದು ಎಳೆಯುವ ಧೈರ್ಯ ಗುಂಪಿನವರಿಗಿಲ್ಲ. ಹೀಗೆ ಉಳಿದ ಪಾಠಗಳು ಒಂದೊಂದಾಗಿ ಈ ಬೆಂಚಿನ ಮೇಲೆ ನಡೆದಿವೆ. ನಿಮ್ಮ ಆಸೆ ಏನು ಎಂದರೆ ಆಕೆ ನಗುತ್ತಾರೆ. "ಕೋಣೆ ನಂಗ್ ಬೇಡ. ಬೇರೆ ಯಾರಾದ್ರೂ ಪಾಠ ಹೇಳ್ಲಿ, ನಾನು ಈರುಳ್ಳಿ ಕೀಳಕ್ಕೆ ಹೋಗ್ತೀನಿ. ಆ ಬೀಗ ಬಿಚ್ಚಿದ್ರೆ ಸಾಕು. ಈ ಹುಡುಗಿ ಒಂದ್ ಸಲ ಆ ಬೆಚ್ಚಗಿನ ನೆಲದ ಮೇಲೆ ಕೂರ್ಬೇಕು."

ಇವತ್ತಿನದು ಕೊನೆಯ ಪಾಠ. ಓದಿ ಮುಗಿಯುತ್ತದೆ. ಹಡಗಿನ ಕೂಗು ಕೇಳಿ ಅಜ್ಜಿ ಮೂಟೆ ಎತ್ತಿಕೊಳ್ಳುತ್ತಾರೆ. ಇನ್‌ಸುಕ್ ಎಂದಿನಂತೆ, "ಸರಿ, ಕೇಳು," ಎನ್ನುತ್ತಾರೆ.

ಹಾರಿಮ್ ಬೈಬಲಿನ ಅಂಚು ಸವರುತ್ತಾಳೆ. "ಆ ಗುಂಪಲ್ಲಿ ಬಾಗ್ಲು ಯಾವಾಗ್ಲೂ ತೆಗ್ದೇ ಇರ್ತಿತ್ತು, ಟೀಚರ್. ಮುಂದಿನ ಭಾನುವಾರ ನಾನು ಯಾವ ಸಭೆಗೆ ಹೋಗ್ಲಿ?"

ಇನ್‌ಸುಕ್ ಉಳಿದ ಗಂಜಿಯನ್ನು ಅವಳ ಲೋಟಕ್ಕೆ ಸುರಿಯುತ್ತಾರೆ. ಅವತ್ತು ಇಬ್ಬರೂ ಆಮೆನ್ ಹೇಳಲಿಲ್ಲ.

ನಿಲ್ದಾಣದಿಂದ ಬರುವಾಗ ಚರ್ಚಿನ ಹಿಂದಿನ ಹಾದಿ ಹಿಡಿದು ನೋಡಿದೆ. ಬೀಗ ಹಾಗೇ ಇದೆ. ಇಪ್ಪತ್ತೈದು ವರ್ಷದ ಹಿಂದೆ ಕೊಟ್ಟ ಮಾತನ್ನು ಆ ಸಭೆ ಉಳಿಸಿಕೊಳ್ಳಲಿಲ್ಲ.