‘ಗಾಡ್ ನೋಸ್’ ಕಲಿಸಿದ ಮಾಸ್ತರರು

ನಿನ್ನೆ ಮುಂಜಾನೆ, ಪಕ್ಕದ ಮನೆಗೆ ಹೊಸದಾಗಿ ಬಂದ ಹಿರಿಯರು ಕಟ್ಟೆಯ ಮೇಲೆ ಕುಳಿತು ಅಂಗೈಯಲ್ಲಿ ನೀರು ಹಾಕಿಕೊಂಡು ಗೋಪಿಚಂದನ ತೇಯುತ್ತಿದ್ದರು. ಒಣಮಣ್ಣು ನೆನೆದಾಗ ಏಳುವ ಆ ತಣ್ಣನೆಯ ವಾಸನೆ ನನ್ನ ಅಂಗಳದವರೆಗೆ ಬಂತು. ಆ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣಿಗೆ ರಕ್ತ ಕಾಣುತ್ತದೆ. ಕಸಬರಿಗೆ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ...

ಎಪ್ಪತ್ತರ ದಶಕದ ನಡುವಿನ ಮಾತು. ದೇವದುರ್ಗದ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಹೇಳುತ್ತಿದ್ದ ಮಾಸ್ತರರು ಗಿಡ್ಡ ಆಳು. ಹಣೆಯ ಮೇಲೆ ಗೋಪಿಚಂದನದ ನಾಮ, ನಡುವೆ ಕರಿ ಅಂಗಾರದ ಗೀರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರ ಬೆತ್ತದ ಬರೆ ಬೀಳದ ಅಂಗೈ ಆ ಶಾಲೆಯಲ್ಲಿರಲಿಲ್ಲ. ನಾನು ಊರ ಹೊರಗಿನ ಹಟ್ಟಿಯವಳು, ಕುರಿ ಕಾಯುವವರ ಮಗಳು. ಹತ್ತನೇ ಕ್ಲಾಸಿನವರೆಗೆ ಬಂದವಳು ನಮ್ಮ ಮನೆತನದಲ್ಲಿ ನಾನೇ ಮೊದಲು.

ಒಂದು ದಿನ ಅವರು ದೇವರ ಹೆಸರಿರುವ ಇಂಗ್ಲಿಷ್ ಮಾತುಗಳನ್ನು ಬೋರ್ಡಿನ ತುಂಬ ಬರೆದರು. ಥ್ಯಾಂಕ್ ಗಾಡ್, ಗಾಡ್ ವಿಲಿಂಗ್, ಗಾಡ್ ಫರ್ಬಿಡ್, ಫಾರ್ ಗಾಡ್ಸ್ ಸೇಕ್...

“ಇಂಗ್ಲಿಷಿನ್ಯಾಗ ದೇವರು ಗುಡಿಯೊಳಗ ಕೂಡೂದಿಲ್ಲ, ಮಂದಿ ಬಾಯಾಗ ತಿರಗತಾನ,” ಎಂದರು. ‘ಗಾಡ್ ಫರ್ಬಿಡ್’ ಅಂದರೆ ನಮ್ಮ ಅವ್ವಂದಿರು ಹೇಳುವ ‘ಬಿಡ್ತು ಅನ್ನು’. ‘ಫಾರ್ ಗಾಡ್ಸ್ ಸೇಕ್’ ಅಂದರೆ ‘ನಿನ್ನ ಕಾಲಿಗೆ ಬೀಳ್ತೀನಿ, ಸಾಕು ಮಾಡು’. ‘ಗಾಡ್ ಓನ್ಲಿ ನೋಸ್’ ಅಂದರೆ ‘ಯಾರಿಗೂ ಗೊತ್ತಿಲ್ಲ’.

ನಾನು ಕುಳಿತಲ್ಲೇ ಕೇಳಿಬಿಟ್ಟೆ: “ದೇವರಿಗೆ ಗೊತ್ತದ ಅಂದಮ್ಯಾಗ ಯಾರಿಗೂ ಗೊತ್ತಿಲ್ಲ ಅಂತ ಹೆಂಗಾಗತದ್ರಿ ಸರ್?”

ಬೆತ್ತ ನನ್ನ ಅಂಗೈ ಸುಟ್ಟಿತು. ಆಮೇಲೆ ಹೇಳಿದರು, “ಪ್ರಶ್ನಿ ಚಲೋ ಅದ. ಆದ್ರ ಎದ್ದು ನಿಂತು ಕೇಳಬೇಕು.”

ಆ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮ ಅಣ್ಣ ಸತ್ತ. ಸತ್ತ ಎನ್ನುವುದು ಸುಳ್ಳು, ಕಡಿದರು. ಜೋಳ ಕೊಯ್ದ ಹೊಲದಲ್ಲಿ ಕುರಿ ನಿಲ್ಲಿಸಲು ಹೊಲದವರು ಮೊದಲು ಹೂಂ ಅಂದಿದ್ದರು. ಕುರಿ ಹೊಲಕ್ಕಿಳಿದ ಮೇಲೆ ಇಲ್ಲ ಅಂದರು. ಮಾತಿಗೆ ಮಾತು ಬೆಳೆಯಿತು. ನಾನು ಬುತ್ತಿ ತೆಗೆದುಕೊಂಡು ಹೋಗುವ ಹೊತ್ತಿಗೆ ಆ ಮನೆಯ ಅಣ್ಣತಮ್ಮಂದಿರು ಅಣ್ಣನನ್ನು ಬದುವಿಗೆ ಒತ್ತಿ ಹಿಡಿದಿದ್ದರು. ಅವರಲ್ಲಿ ಕಿರಿಯವನು ಅಣ್ಣನ ಕೈ ಹಿಡಿದಿದ್ದ, ಹಿರಿಯವನ ಕೈಯಲ್ಲಿ ಕೊಡಲಿಯಿತ್ತು. ಮೊದಲ ಏಟು ಭುಜದ ಮೇಲೆ ಬಿತ್ತು. ಹಸಿ ಕಟ್ಟಿಗೆ ಸೀಳಿದಂಥ ಸಪ್ಪಳ. ಎರಡನೆಯದು ಕುತ್ತಿಗೆಗೆ. ಕಂಬಳಿ ನೆತ್ತರು ಕುಡಿದು ಕಪ್ಪಾಯಿತು. ಕುರಿಗಳು ದಿಕ್ಕಾಪಾಲಾಗಿ ಓಡಿದವು, ನಮ್ಮ ನಾಯಿ ಹಿರಿಯವನ ಮೀನಗಂಡಕ್ಕೆ ಬಾಯಿ ಹಾಕಿತು. ಅದನ್ನೂ ಕಡಿದ. ನಾನು ಕೂಗುತ್ತಿದ್ದೆನಂತೆ. ಏನು ಕೂಗಿದೆನೋ ನೆನಪಿಲ್ಲ...

ಪಕ್ಕದ ಹೊಲಗಳಲ್ಲಿ ಇದ್ದವರೆಲ್ಲ ನೋಡಿದ್ದರು. ಪೊಲೀಸರು ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ನಾನೊಬ್ಬಳೇ ಹೇಳಿದೆ.

ಅಣ್ಣತಮ್ಮಂದಿರು ಜಾಮೀನಿನ ಮೇಲೆ ಹೊರಗೆ ಬಂದರು. ಕೇಸು ರಾಯಚೂರಿನ ಕೋರ್ಟಿಗೆ ಬರುವ ಹೊತ್ತಿಗೆ ನಮ್ಮ ದೊಡ್ಡಿಗೆ ನುಗ್ಗಿ ಗಬ್ಬಾದ ಕುರಿಗಳ ಹೊಟ್ಟೆ ಸೀಳಿ ಹೋದರು. ಅಪ್ಪ ಆ ಸತ್ತ ಕುರಿಗಳ ನಡುವೆ ಕುಳಿತು ನನ್ನ ಕೈ ಹಿಡಿದು ಅತ್ತ. “ಯವ್ವಾ, ಒಬ್ಬವ ಹೋದ. ನೀನರ ಉಳಿ. ಏನೂ ಕಂಡಿಲ್ಲ ಅಂದುಬಿಡು.”

ನಾನು ಶಾಲೆಗೆ ಹೋಗಿ ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಸಿಟ್ಟಿನಿಂದ ಕೆಂಪಗಾದರು. ಅಂದು ಸಂಜೆಯೇ ಅಪ್ಪನನ್ನು ಕರೆಸಿ, ಕೋರ್ಟಿನ ತಾರೀಖು ಮುಗಿಯುವ ತನಕ ಹುಡುಗಿ ನಮ್ಮ ಮನಿಯಾಗ ಇರ್ಲಿ ಎಂದರು. ಅವರ ಹೆಂಡತಿ ಮಡಿಯವರು. ಬಾಗಿಲಲ್ಲಿ ನಿಂತು, “ಕುರುಬರ ಹುಡುಗಿನ್ನ ಒಳಗ ಹ್ಯಾಂಗ ಕರಕೋಬೇಕ್ರಿ?” ಎಂದರು. ಮಾಸ್ತರರು ಒಂದೇ ಮಾತು ಹೇಳಿದರು, “ಬಾಗಲಾ ತಗದು.” ಆಕೆ ಬಾಗಿಲು ಪೂರ್ತಿ ತೆಗೆದರು. ಊಟಕ್ಕೆ ಎಲೆ ಹಾಕಿದವರೂ ಅವರೇ. ತಲೆ ಬಾಚಿ ಜಡೆ ಹಾಕಿದವರೂ ಅವರೇ.

ಕೋರ್ಟಿಗೆ ಹೋಗುವ ಹಿಂದಿನ ದಿನ ಮುಂಜಾನೆ ಮಾಸ್ತರರು ಶಾಲೆಗೆ ಹೊರಟರು. ನಾನು ಹಿಂದೆ ನಡೆಯುತ್ತಿದ್ದೆ. ಹಣೆಯ ಗೋಪಿಚಂದನ ಇನ್ನೂ ಹಸಿಯಾಗಿತ್ತು. ಬಜಾರದ ತಿರುವಿನಲ್ಲಿ ಅಣ್ಣತಮ್ಮಂದಿರ ಕಡೆಯ ಆಳುಗಳು ಬಡಿಗೆ ಹಿಡಿದು ನಿಂತಿದ್ದರು. ಒಬ್ಬ ನನ್ನ ಜಡೆಗೆ ಕೈ ಹಾಕಿದ. ಮಾಸ್ತರರು ಅವನ ಮುಖಕ್ಕೆ ಕೊಡೆಯಿಂದ ಬಾರಿಸಿದರು. ಅಷ್ಟೇ. ಬಡಿಗೆಗಳು ಅವರ ಮೇಲೆ ಬಿದ್ದವು. ಅವರು ಬಲಗೈ ಅಡ್ಡ ಹಿಡಿದರು. ಮೊಣಕೈ ಮುರಿದ ಸಪ್ಪಳ ನನಗೆ ಕೇಳಿಸಿತು. ಬಿದ್ದವರ ಅದೇ ಕೈಯ ಬೆರಳುಗಳ ಮೇಲೆ ಒಬ್ಬ ಕಲ್ಲು ಎತ್ತಿಹಾಕಿದ. ಅಂಗಡಿಯವರು ಹಲಗೆ ಎಳೆದುಕೊಂಡು ಬಾಗಿಲು ಮುಚ್ಚಿದರು.

ಅಷ್ಟು ಇಂಗ್ಲಿಷ್ ಮಾತು ಬಲ್ಲವರ ಬಾಯಲ್ಲಿ ಆಗ ಬಂದದ್ದು “ಯವ್ವಾ...” ಅನ್ನುವುದೊಂದೇ.

ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಹಣೆ ಒಡೆದು ಹಸಿ ಗೋಪಿಚಂದನವೂ ನೆತ್ತರೂ ಒಂದಾಗಿ ನನ್ನ ಲಂಗದ ಮೇಲೆ ಇಳಿಯುತ್ತಿತ್ತು. ಎಚ್ಚರ ಬಂದಾಗ ಅವರು ಕೇಳಿದ್ದು, “ನಿನಗೇನೂ ಆಗಿಲ್ಲಲಾ?” ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟುವಾಗ ಹೇಳಿದ್ದು, “ನಾಳೆ ಮೊದಲನೇ ಬಸ್ಸಿಗೆ ಹೋಗೂದು.” ಹೆಂಡತಿ ಅತ್ತರೂ ಕೇಳಲಿಲ್ಲ. ಮುಖ ಬಾತುಕೊಂಡು ಒಂದು ಕಣ್ಣು ಮುಚ್ಚಿಹೋಗಿತ್ತು. ಹಾಗೇ ಬಂದರು. ಬಸ್ಸಿನಲ್ಲಿ ಅಪ್ಪ ಅವರಿಗೆ ಆನಿಸಿಕೊಳ್ಳಲು ಹೆಗಲು ಕೊಟ್ಟು ಕುಳಿತಿದ್ದ.

ಕೋರ್ಟಿನಲ್ಲಿ ದೇವರ ಮೇಲೆ ಪ್ರಮಾಣ ಮಾಡಿಸಿದರು. ಕಂಡದ್ದನ್ನು ಹೇಳಿದೆ. ಎದುರಿನ ವಕೀಲರು ಕೊಡಲಿ ಯಾವ ಕೈಯಲ್ಲಿತ್ತು, ಬಿಸಿಲು ಯಾವ ಕಡೆಗಿತ್ತು ಎಂದು ತಿರುಗಿಸಿ ತಿರುಗಿಸಿ ಕೇಳಿದರು. ಕೊನೆಗೆ ನಕ್ಕು, ನನಗೆ ತಿಳಿಯುವುದಿಲ್ಲ ಎಂದುಕೊಂಡು ಜಡ್ಜ್ ಸಾಹೇಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಅಂದರು, “ಗಾಡ್ ಓನ್ಲಿ ನೋಸ್ ವಾಟ್ ದಿಸ್ ಗರ್ಲ್ ಸಾ.”

ನಾನು ಕಟಕಟೆಯಲ್ಲಿ ನೆಟ್ಟಗೆ ನಿಂತು ಹೇಳಿದೆ, “ದೇವರಿಗಷ್ಟ ಅಲ್ರಿ ಸಾಹೇಬ್ರ, ನನಗೂ ಗೊತ್ತದ. ನಮ್ಮಣ್ಣನ ಕುತ್ತಿಗಿ ಕಡದಾಂವ ಅಕಾ ಅಲ್ಲಿ ನಿಂತಾನ.”

ಜಡ್ಜ್ ಸಾಹೇಬರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಹಿಂದಿನ ಬೆಂಚಿನಲ್ಲಿ ಮಾಸ್ತರರು ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು.

ಹಿರಿಯವನಿಗೆ ಜೀವಾವಧಿ ಆಯಿತು. ಕಿರಿಯವನು ಬಿಡುಗಡೆಯಾದ. ಅವನು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಅಪ್ಪನ ಕಡೆ ನೋಡಿ ಮೀಸೆ ತೀಡಿಕೊಂಡ. ನಾವು ಆ ಊರಿಗೆ ಮತ್ತೆ ಹೋಗಲಿಲ್ಲ. ಉಳಿದ ಕುರಿ ಮಾರಿ ಕಲ್ಮಲದಲ್ಲಿ ಅವ್ವನ ತವರಿನವರ ಹತ್ತಿರ ಬಂದು ನಿಂತೆವು. ನಾನು ಓದು ಮುಂದುವರಿಸಿ ರಾಯಚೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದೆ.

ಮಾಸ್ತರರಿಗೆ ಮಾನ್ವಿಗೆ ವರ್ಗವಾಯಿತು. ಒಮ್ಮೆ ನೋಡಲು ಹೋಗಿದ್ದೆ. ಬಲಗೈಯ ಬೆರಳುಗಳು ಮಡಚಲು ಬರುತ್ತಿರಲಿಲ್ಲ. ಸೀಮೆಸುಣ್ಣ ಎಡಗೈಯಲ್ಲಿ ಹಿಡಿದು ಬರೆಯುತ್ತಿದ್ದರಂತೆ, ಬೆತ್ತ ಬಿಟ್ಟೇಬಿಟ್ಟಿದ್ದರಂತೆ. ಹೊಸ ಹುಡುಗರು ಅವರನ್ನು ಬಹಳ ಸಾಧು ಮನುಷ್ಯ ಎಂದುಕೊಂಡಿದ್ದರು. ಊಟಕ್ಕೆ ಕುಳಿತಾಗ ಹೆಂಡತಿ ಅನ್ನ ಕಲಸಿಕೊಟ್ಟರು, ಅವರು ಚಮಚದಿಂದ ಉಂಡರು. ನೋಡಲಾಗದೆ ಅಂದೆ, “ನನ್ನ ಸಲುವಾಗಿ ನಿಮ್ಮ ಕೈ ಹೋತ್ರಿ ಸರ್.”

ಹಳೆಯ ಸಿಟ್ಟು ಭಗ್ಗನೆ ಎದ್ದಿತು. “ಹುಚ್ಚಿ! ನಿನ್ನ ಸಲುವಾಗಿ ಯಾಕ ಹೋಗತದ? ಹೊಡದ್ರು, ಹೋತು. ತಪ್ಪು ಹೊಡದವ್ರದು. ಉಣ್ಣು ಸುಮ್ನ.”

ಅದೇ ಕೊನೆ. ಎಂಬತ್ತರ ದಶಕ ಮುಗಿಯುವ ಮುಂಚೆ, ನಾನು ಡ್ಯೂಟಿಯಲ್ಲಿದ್ದಾಗ ಮಾನ್ವಿಯಿಂದ ಒಂದು ಟ್ರಂಕ್ ಕಾಲ್ ಬಂತು. ಅವರ ಮಗ, ಸೋಲಾಪುರದ ತನ್ನ ಅಕ್ಕನಿಗೆ ಮಾಡಿದ್ದ. ನನ್ನ ದನಿಯ ಗುರುತು ಅವನು ಹಿಡಿದ. “ಅಕ್ಕಾ, ನೀವೇನ್ರಿ? ಅಪ್ಪ ಹೋದ್ರರಿ...” ಲೈನ್ ಕೂಡಿಸಿಕೊಟ್ಟೆ. ಮಗಳು ಆ ಕಡೆ ಚೀರಿದ್ದು ಕೇಳಿಸಿತು. ಬೋರ್ಡಿನ ಮೇಲೆ ಬೇರೆ ಕರೆಗಳ ದೀಪಗಳು ಹತ್ತುತ್ತಲೇ ಇದ್ದವು. ಉತ್ತರ ಕೊಡುತ್ತಾ ಹೋದೆ.

ಅಪ್ಪನೂ ಈಗಿಲ್ಲ. ಮಾಸ್ತರರ ಹೆಂಡತಿಯೂ ಹೋದರು. ಜೈಲಿನಿಂದ ಬಂದ ಹಿರಿಯವನು ಮುದುಕನಾಗಿ ಹಾಸಿಗೆ ಹಿಡಿದು ಸತ್ತನೆಂದು ಯಾರೋ ಹೇಳಿದರು. ಕೇಳಿ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಇವತ್ತು ನನ್ನನ್ನು ಗದರಿಸುವವರು ಯಾರೂ ಉಳಿದಿಲ್ಲ. ನಿನ್ನೆ ಆ ಮೆಟ್ಟಿಲ ಮೇಲಿಂದ ಏಳುವುದು ತಡವಾಯಿತು. ಮೊಮ್ಮಗಳು ಬಂದು, “ಅಜ್ಜೀ, ಯಾಕ ಅಳಾಕತ್ತಿ?” ಎಂದಳು. ನಮ್ಮ ಮಾಸ್ತರರು ಸತ್ತಾರವ್ವಾ, ಎಂದೆ. ಯಾವಾಗ ಎಂದು ಕೇಳಿದಳು. ನೀ ಹುಟ್ಟೂದಕ್ಕಿಂತ ಮೊದಲ, ಎಂದು ಕಸಬರಿಗೆ ಎತ್ತಿಕೊಂಡೆ.