‘ಎಂದಿನಂತೆ ಒಗ್ಗರಣೆ ಕೊಡಿ’ ಅಂತ ಬರದ ಪುಸ್ತಕ

ತಡೀರಿ, ಇನ್ನ ಒಲಿ ಹಚ್ಚಬ್ಯಾಡ್ರಿ. ಪುಸ್ತಕ ನೋಡಿ ಅಡಿಗಿ ಮಾಡೂ ವಿಚಾರ ನಿಮಗೂ ಇದ್ರ, ಮೊದಲ ನಂದೊಂದು ಕೇಳ್ರಿ, ಆಮ್ಯಾಲೆ ಏನ್ ಬೇಕಾದ್ದು ಮಾಡ್ಕೋರಿ. ನನಗ ಸಿಟ್ಟ ಇನ್ನೂ ಇಳದಿಲ್ಲ, ಮಾತು ಹಿಂದ ಮುಂದ ಆದ್ರ ನೀವ ಸಂಭಾಳಿಸ್ಕೋರಿ.

ನನಗ ಅಡಿಗಿ ಯಾರೂ ಕಲಿಸಿಲ್ಲ. ಡಿಗ್ರಿ ಮುಗಿಸಿ ಮನ್ಯಾಗ ಕುಂತಾಗ ಮೊಬೈಲ್ ನೋಡಿ, ಕೈ ಸುಟ್ಕೊಂಡು ಕಲತೇನಿ. ಈಗ ತಲ್ಯಾಗ ಇರೂದು ಒಂದ ವಿಚಾರ. ಮನಿಯಿಂದನ ಊಟದ ಡಬ್ಬಿ ಕಳಸೂ ಕೆಲಸ ಚಾಲೂ ಮಾಡಬೇಕು. ಅದಕ್ಕ ಮುಂಜಾನಿ ಒಲಿ ನನ್ನ ಕೈಯಾಗ ಬರಬೇಕು. ನಮ್ಮನ್ಯಾಗ ಮುಂಜಾನಿ ಒಲಿ ಅವ್ವಂದು, ಅಪ್ಪನೂ ಅಲ್ಲಿ ಕಾಲಿಡಂಗಿಲ್ಲ. ಭಾಳ ಗಂಟು ಬಿದ್ದ ಮ್ಯಾಲೆ ಅವ್ವ ಅಂದ್ಲು, "ಯಾವುದರ ಒಂದ ಮನಿಯವರು ಒಂದ ವಾರ ನಿನ್ನ ಡಬ್ಬಿ ಬ್ಯಾಡ ಅನ್ನದಂಗ ಉಣ್ಲಿ. ಆವಾಗ ಮುಂಜಾನಿ ಒಲಿ ನಿಂದ. ಇಲ್ಲಂದ್ರ ಸುಮ್ಮನ ನೌಕರಿ ಹುಡಕು, ನನ್ನ ತಲಿ ತಿನಬ್ಯಾಡ."

ಗಿರಾಕಿ ಲಗೂನ ಸಿಕ್ರು. ಕೆಲಗೇರಿ ಕೆರಿ ಕಡೆ, ನಮ್ಮ ಓಣಿ ದಾಟಿದ್ರ ಒಂದು ಬಾಡಗಿ ಮನಿ ಐತಿ. ಮೈಸೂರ ಕಡೆಯವರು, ಗಂಡಂದು ಬದ್ಲಿ ಆಗಿ ಬಂದಾರ. ಆ ಮನಿ ಮೇಡಂ ಅಂಗಳದಾಗ ಕಾಲ್ ಜಾರಿ ಬಲಗೈ ಮುರಕೊಂಡು ಪ್ಲಾಸ್ಟರ್ ಹಾಕಿಸ್ಕೊಂಡಿದ್ರು. "ಮಧ್ಯಾಹ್ನದ ಊಟ ಮಾಡಿಕೊಡ್ತೀಯೇನಪ್ಪ? ನಮ್ಮ ಕಡೆ ಥರ ಒಂದು ಹುಳಿ, ಒಂದು ಪಲ್ಯ. ಅನ್ನ ನಮ್ಮವರೇ ಇಟ್ಕೋತಾರೆ" ಅಂದ್ರು. ನಾ ಅಲ್ಲೇ ಹೂಂ ಅಂದೆ.

ಯಾಕಂದ್ರ ನನ್ನ ಕಡೆ ಪುಸ್ತಕ ಇತ್ತು! ದಕ್ಷಿಣದ ಕಡೆ ಸಾಂಪ್ರದಾಯಿಕ ಅಡಿಗಿ ಪುಸ್ತಕ, ಧಾರವಾಡದ ಹಳೇ ಪುಸ್ತಕದ ಅಂಗಡ್ಯಾಗ ಹುಡುಕಿ ತಂದಿದ್ದು. ಅದರ ಬಗ್ಗೆ ಇಂಟರ್ನೆಟ್ಟಿನ್ಯಾಗ ಮಂದಿ ಏನ್ ಹೊಗಳತಾರ ಅಂತೀರಿ. ಅಜ್ಜಿ ಕೈರುಚಿ, ಚಿನ್ನದಂಥಾ ಪುಸ್ತಕ, ಮದುವಿ ಆದ ಹೆಣ್ಣಮಕ್ಕಳಿಗೆ ಇದನ್ನ ಕೊಡ್ರಿ, ಹಿಂಗ.

ನಾಳೆ ಡಬ್ಬಿ ಅನ್ನೂ ಮುಂದ, ಅಡಿಗಿ ಮನ್ಯಾಗ ಕುಂತು ಹುಳಿ ಮಾಡೂ ವಿಧಾನ ಜೋರಾಗಿ ಓದಾಕತ್ತಿದ್ದೆ. ಅವ್ವ ಅವರಿಕಾಯಿ ಸುಲಿಯಾಕತ್ತಿದ್ಲು. ಹೆಬ್ಬಳ್ಳಿಯಿಂದ ನಮ್ಮ ಅತ್ತಿ, ಅಂದ್ರ ಅಪ್ಪನ ಅಕ್ಕ, ಹಸಿಕಡ್ಲಿ ಹೊರಿ ತಗೊಂಡು ಬಂದಿದ್ಲು. ಬಾಜೂ ಮನಿ ಚಾಚಿ ಮೊಸರಿಗೆ ಹೆಪ್ಪು ಕೇಳಾಕ ಬಂದಾಕಿ ಅಲ್ಲೇ ಕುಂತ್ಲು. ಚಾಚಿ ಗಂಡಂದು ಲಕಮನಹಳ್ಳಿ ಕಡೆ ಗ್ಯಾರೇಜ್ ಐತಿ, ಅಲ್ಲಿ ಹುಡುಗೂರಿಗೆಲ್ಲಾ ಊಟ ಇಕಿನ ಮಾಡಿ ಕಳಸ್ತಾಳ. ಮೂವರೂ ಬರೇ ಕಣ್ಣಳತಿ ಮ್ಯಾಲೆ ಅಡಿಗಿ ಮಾಡೂ ಮಂದಿ.

"ನಿಂಬೆ ಗಾತ್ರದ ಹುಣಸೆಹಣ್ಣು" ಅಂತ ಓದಿದೆ.

"ಯಾವ ನಿಂಬಿ?" ಅವ್ವ ಅಂದ್ಲು. "ಸಂತ್ಯಾಗಿಂದೋ, ಹಿತ್ತಲದಾಗಿಂದೋ? ಹಿತ್ತಲದ್ದರಷ್ಟ ದೊಡ್ಡದು ಹಾಕಿದ್ರ ಹಲ್ಲ ಜುಮ್ ಅಂತಾವ."

"ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಡಲೆಬೇಳೆ ಹದವಾಗಿ ಹುರಿದು ಕೊಬ್ಬರಿ ಜೊತೆ ರುಬ್ಬಿ..."

ಚಾಚಿ ನಡುವ ಬಾಯಿ ಹಾಕಿದ್ಲು. "ಅರೆ ಬೇಟಾ, ದಿನಾ ಹುರಕೋತ, ದಿನಾ ರುಬ್ಬಿಕೋತ ಕುಂತ್ರ ಉಣ್ಣೂದು ಯಾವಾಗ? ಬ್ಯಾಸಗ್ಯಾಗ ಕುಟ್ಟಿಸಿದ ಮಸಾಲಿ ಖಾರ ಡಬ್ಬಿ ತುಂಬ ಐತಲ್ಲ, ಎರಡ ಚಮಚಾ ಒಗಿ, ಆತು."

"ಅದನ್ನ ಹಾಕಬಾರದ್ರಿ ಚಾಚಿ, ಅದು ನಮ್ಮ ಕಡೆ ರುಚಿ ಆಕ್ಕೇತಿ."

"ನಮ್ಮ ಕಡೆ ರುಚಿಗೆ ಏನ್ ಧಾಡಿ ಆಗೇತಿ?"

ಅತ್ತಿ ಹಸಿಕಡ್ಲಿ ಬಿಡಿಸ್ಕೋತ, "ಅದರಾಗ ರೊಟ್ಟಿ ಐತೇನೋ ತಮ್ಮಾ?" ಅಂತ ಕೇಳಿದ್ಲು. ಹುಡುಕಿದೆ. ಅಕ್ಕಿರೊಟ್ಟಿ ಇತ್ತು, ಜ್ವಾಳದ್ದು ಇರಲಿಲ್ಲ. "ಜ್ವಾಳದ ರೊಟ್ಟಿನ ಇಲ್ಲ? ಮತ್ತ ಅಷ್ಟ ದಪ್ಪ ಪುಸ್ತಕದಾಗ ಏನ್ ತುಂಬ್ಯಾರವಾ!" ಅಂತ ಅವ್ವನ ಕಡೆ ನೋಡಿ ನಕ್ಕಳು. ಮೂವರೂ ನಕ್ರು. ನನಗ ಮೈ ಉರೀತು.

ಒಂದೊಂದು ಸಾಲಿಗೂ ಒಂದೊಂದು ತಕರಾರು. ಬೆಲ್ಲ ಕಡಿಮಿ, ನೀರ ಹೆಚ್ಚು, ಬ್ಯಾಳಿ ಅಷ್ಟ ಕುದಿಸಿದ್ರ ಗಂಜಿ ಆಕ್ಕೇತಿ. ಕಡೀಗೆ ಕಡೀ ಸಾಲು ಓದಿದೆ. "ಎಂದಿನಂತೆ ಒಗ್ಗರಣೆ ಕೊಡಿ."

"ಹಾಂ, ಇದ ನೋಡು ಬರೋಬರಿ ಬರದಾರ," ಅಂದ್ಲು ಅವ್ವ. ಚಾಚಿ ಗೋಣ ಹಾಕಿದ್ಲು. ಅತ್ತಿನೂ "ಇದು ಛಲೋ ಮಾತು" ಅಂದ್ಲು. ಇಡೀ ಪುಸ್ತಕದಾಗ ಮೂವರೂ ಒಪ್ಪಿದ ಸಾಲು ಅದೊಂದ. ನನಗೂ ಏನೂ ಅನಸಲಿಲ್ಲ. ಅನಸಾಕ ಅದರಾಗ ಏನೈತಿ ಹೇಳ್ರಿ?

ಮರುದಿನ ಪರೀಕ್ಷಾ ಬರದಂಗ ಮಾಡಿದೆ. ಹುರದೆ, ರುಬ್ಬಿದೆ, ಪುಸ್ತಕದಾಗ ಇರಲಾರದ್ದು ಒಂದ ಕಾಳು ಹಾಕಲಿಲ್ಲ. ಅವ್ವ ಮಸಾಲಿ ಖಾರದ ಡಬ್ಬಿ ಹಿಡಕೊಂಡು ಹತ್ತಿರ ಬಂದ್ರ ಹಿಂದ ಕಳಸಿದೆ. ಕಡೀಗೆ ಎರಡಕ್ಕೂ ಒಗ್ಗರಣಿ. ಶೇಂಗಾ ಎಣ್ಣಿ ಕಾಯಿಸಿದೆ, ಸಾಸಿವಿ, ಜೀರಗಿ, ಜಜ್ಜಿದ ಬಳ್ಳೊಳ್ಳಿ, ಕರಿಬೇವು, ಚುರ್ ಅಂತು. ಹೊರಗ ಕಸ ಹೊಡಿಯಾಕತ್ತಿದ್ದ ಅವ್ವ, "ಈಗ ಅಡಿಗಿ ವಾಸನಿ ಬಂತ ನೋಡು!" ಅಂದ್ಲು. ಹಿಗ್ಗಿಕೊಂಡ ಹೋಗಿ ಡಬ್ಬಿ ಕೊಟ್ಟ ಬಂದೆ.

ಸಂಜಿಗೆ ಡಬ್ಬಿ ತರಾಕ ಹೋದ್ರ, ಪಲ್ಯೆ ಡಬ್ಬಿ, ಹುಳಿ ಡಬ್ಬಿ ಎರಡೂ ತುಂಬಿದಂಗ ಅದಾವ.

"ತಪ್ಪು ತಿಳ್ಕೋಬೇಡಪ್ಪ," ಮೇಡಂ ಸಣ್ಣ ದನಿ ತಗದು ಅಂದ್ರು. "ನಾವು ಬೆಳ್ಳುಳ್ಳಿ ತಿನ್ನಲ್ಲ. ಮುಚ್ಚಳ ತೆಗೆದ ತಕ್ಷಣ ಗೊತ್ತಾಯ್ತು. ಮೊಸರನ್ನ ತಿಂದ್ವಿ."

"ಪುಸ್ತಕದಾಗ ಇದ್ದಂಗನ ಮಾಡೇನ್ರಿ ಮೇಡಂ, ನಿಮ್ಮ ಕಡೆ ಪುಸ್ತಕನ ಅದು!"

"ಪುಸ್ತಕದಲ್ಲಿ ಬೆಳ್ಳುಳ್ಳಿ ಹಾಕು ಅಂತ ಇತ್ತಾ?"

ನಾ ಓಡಿ ಹೋಗಿ ಪುಸ್ತಕ ತಂದೆ. ಅವರು ಎಡಗೈಲೆ ಹಿಡಕೊಂಡು ಪೂರಾ ಓದಿದ್ರು. ನೋಡ್ರಿ ಈಗ, ನನಗ ಹುಚ್ಚ ಹಿಡಿಯೂದೊಂದು ಬಾಕಿ. "ಎಲ್ಲಾ ಸರಿಯಾಗೇ ಬರೆದಿದ್ದಾರಲ್ಲಪ್ಪ! ಎಂದಿನಂತೆ ಒಗ್ಗರಣೆ. ಅಂದ್ರೆ ಸಾಸಿವೆ, ಇಂಗು, ಕರಿಬೇವು. ಅದನ್ನೂ ಬಿಡಿಸಿ ಬರೀತಾರಾ ಯಾರಾದ್ರೂ?"

ಬರೀಬೇಕ್ರಿ! ಬರೀಬೇಕಿತ್ತು! ಹುಣಸಿಹಣ್ಣ ಎಷ್ಟ ಅಂತ ಬರೀತೀರಿ, ಕೊತ್ತಂಬರಿ ಕೆಳಗಿನ ದಂಟು ತಗೀರಿ ಅಂತ ಬರೀತೀರಿ, ಇದೊಂದ ಯಾಕ ಬರಿಯಂಗಿಲ್ಲ? ನಮ್ಮನ್ಯಾಗ ಒಗ್ಗರಣಿ ಅಂದ್ರ ಬಳ್ಳೊಳ್ಳಿ. ಅದು ಅಲ್ಲಿ ಬೀಳೂದು ನಮಗ ಗೊತ್ತ ಸೈತ ಆಗಂಗಿಲ್ಲ. ಇದನ್ನೆಲ್ಲಾ ಗಂಟಲದಾಗ ಇಟಗೊಂಡು, "ನಾಳೆ ಬಳ್ಳೊಳ್ಳಿ ಹಾಕಂಗಿಲ್ರಿ" ಅಂದೆ.

ಅವರು ಕೇಳಿದ್ರು, "ನಿಮ್ಮನೇಲಿ ಒಗ್ಗರಣೆ ಸೌಟು ಒಂದೇನಾ?"

"ಒಂದ ಐತ್ರಿ."

ದಿನಾ ಬಳ್ಳೊಳ್ಳಿ ಬೀಳೂದೂ ಅದರಾಗನ ಅಂತ ಅವರಿಗೆ ತಿಳೀತು. ಆಮ್ಯಾಲೆ, ಊರಿಂದ ಅವರ ನಾದಿನಿ ಬರೂದು ಐತಂತ, ಅಲ್ಲೀತನಕಾ ಹೆಂಗೋ ಮಾಡ್ಕೋತೇವಿ, ಬೇಜಾರ ಆಗಬ್ಯಾಡ ಅಂತ ಹೇಳಿ ಪುಸ್ತಕ ಕೈಯಾಗ ಕೊಟ್ರು.

ಮನ್ಯಾಗ ಆ ಹುಳಿನ್ಯಾಗ ಅವ್ವ ರೊಟ್ಟಿ ಮುರದು ಉಂಡ್ಲು. "ಭಾಳ ಛಲೋ ಆಗೇತಿ," ಅಂದ್ಲು. "ಆದ್ರ ಮಾತ ಅಂದ್ರ ಮಾತು. ಒಂದ ವಾರ ಅಂದಿದ್ದೆ, ಒಂದ ದಿನ ಆತು." ಚಾಚಿಗೆ ಹೇಳಿದ್ರ ಅಕಿ, "ಬಳ್ಳೊಳ್ಳಿ ಇಲ್ಲದ ಒಗ್ಗರಣಿ? ಅದಕ್ಕ ಕಾದ ಎಣ್ಣಿ ಅಂತಾರ ಬೇಟಾ" ಅಂದ್ಲು. ಇಬ್ಬರೂ ಇನ್ನೂ ಹುಣಸಿಹಣ್ಣಿನ ಮ್ಯಾಲೆನ ತಪ್ಪ ಹೊರಸ್ತಾರ. ಆ ಕಡೀ ಸಾಲು ಮಾತ್ರ ಇವತ್ತಿಗೂ ಅವರಿಗೆ ಬರೋಬರಿನ!

ಹಿಂಗಾಗಿ ಮುಂಜಾನಿ ಒಲಿ ಅವ್ವನ ಕಡೆನ ಉಳೀತು. ನನಗ ಸಿಗೂದು ಮಧ್ಯಾಹ್ನ ಮೂರರ ಮ್ಯಾಲೆ. ಆವಾಗ ಯಾರಿಗೆ ಡಬ್ಬಿ ಬೇಕ್ರಿ? ಇನ್ನೊಂದು ಮನಿ ಸಿಕ್ರ ಅವ್ವ ಮತ್ತ ಒಂದ ಸಲ ನೋಡ್ತಾಳಂತ, ಆದ್ರ ಆ ಮನಿಯವರ ಒಗ್ಗರಣಿ ಹೆಂಗಂತ ನನಗ ಯಾವ ಪುಸ್ತಕ ಹೇಳಬೇಕು? ಅದಕ್ಕ ನಿಮ್ಮನ್ನ ಕೇಳಾಕತ್ತೇನಿ. ನಿಮ್ಮ ಮನ್ಯಾಗ ಎಣ್ಣಿ ಕಾದ ಮ್ಯಾಲೆ ಮೊದಲ ಬೀಳೂದು ಏನು, ಆಮ್ಯಾಲೆ ಏನು, ಅಪ್ಪಿತಪ್ಪಿನೂ ಬೀಳಬಾರದ್ದು ಯಾವುದು? ಪುಸ್ತಕ ನಂಬಿ ನಿಮಗೂ ಹಿಂಗ ಆಗಿದ್ರ ಅದನ್ನೂ ಬರೀರಿ. ಒಂದ ವಿನಂತಿ, "ಎಂದಿನಂತೆ" ಅಂತ ಮಾತ್ರ ಬರೀಬ್ಯಾಡ್ರಿ, ಕೈ ಮುಗೀತೇನಿ.